ಹೊಳೆಚುಳ್ಳಿ: ಉಪ್ಪಿನ ಗಡಿಯ ಹೂಗಿಡ

ಬಿಜೂರು, ಉಪ್ಪುಂದ, ಕಿರಿಮಂಜೇಶ್ವರಗಳ ಕಡೆಯಲ್ಲಿ ಬೆಟ್ಟದ ಬುಡದಿಂದ ಪಡುವಣಕ್ಕೆ ನಡೆದರೆ, ಹೊಳೆ ಇರುವಲ್ಲೆಲ್ಲ ನೆಲವು ಮೂರು ಬಗೆಯಾಗಿ ಕಾಣಿಸುತ್ತದೆ. ಮೊದಲು ಬತ್ತದ ಗದ್ದೆ ಮತ್ತು ತೆಂಗಿನ ತೋಟ. ಆಮೇಲೆ ಉಪ್ಪುನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ಕೆಸರು ನೆಲ. ಕಟ್ಟಕಡೆಗೆ ಮರಳು, ಅದರಾಚೆ ಕಡಲು. ಗದ್ದೆಯ ಬೆಲೆಯನ್ನು ಉಣ್ಣುವವರೆಲ್ಲರೂ ಬಲ್ಲರು. ಕಡಲಿನ ಬೆಲೆಯನ್ನು ಬಲೆ ಬೀಸುವವರು ಬಲ್ಲರು, ನೋಡಲು ಬರುವವರೂ ಬಲ್ಲರು. ನಡುವಣ ಕೆಸರು ನೆಲವನ್ನು ಮಾತ್ರ ನಾವು ಪಾಳು ಎಂದು ಕರೆದು ಸುಮ್ಮನಾಗಿದ್ದೇವೆ. ಆ ಪಾಳು ನೆಲದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಒಂದು ಗಿಡ ತಿಳಿನೇರಳೆಯ ಹೂಗಳನ್ನು ತಳೆದು ನಿಲ್ಲುತ್ತದೆ. ಅದರ ವಿಷಯವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಕೆಳಗೆ, ಮಾರ್ಚಿ ತಿಂಗಳ ಒಂದು ಸಂಜೆ, ಒಂಬತ್ತನೆಯ ತರಗತಿಯ ಮಕ್ಕಳನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿದ್ದೆ. ದಂಡೆಯ ಕೆಳಗೆ ಸೊಂಟದೆತ್ತರಕ್ಕೆ ಬೆಳೆದ ಮುಳ್ಳೆಲೆಯ ಗಿಡಗಳು. ತುದಿಯಲ್ಲಿ ಕದಿರಿನಂತೆ ಮೇಲೆದ್ದ ಹೂಗೊಂಚಲು. ಒಬ್ಬ ಹುಡುಗಿ ಗಿಡದ ಹೆಸರು ಕೇಳಿದಳು. ಪಂಡಿತನಾದವನಿಗೆ ಹೆಸರು ಗೊತ್ತಿಲ್ಲವೆಂದು ಹೇಳುವುದು ಕಷ್ಟ. ನಾನು ನಿಘಂಟಿನಲ್ಲಿ ಓದಿದ್ದನ್ನು ನೆನೆದು, "ಇದು ಕೋಕಿಲಾಕ್ಷ, ಕನ್ನಡದಲ್ಲಿ ಕೊಳವಳಿಕೆ" ಎಂದುಬಿಟ್ಟೆ. ಹಿಂದೆ ನಿಂತಿದ್ದ ಹುಡುಗನೊಬ್ಬ ಮೆಲ್ಲನೆ ಹೇಳಿದ: "ಅದ್ ಗದ್ದಿ ಬದಿಗ್ ಆಪ್ದ್ ಮಾಷ್ಟ್ರೇ, ಇದ್ ಹೊಳಿ ಬದಿಗ್ ಆಪ್ದ್. ಇದ್ರ್ ಎಲಿ ನೆಕ್ಕಿರೆ ಉಪ್ಪ್." ಹೆಸರೇನೆಂದು ಕೇಳಿದರೆ, "ಹೆಸ್ರ್ ಗೊತ್ತಿಲ್ಲೆ" ಎಂದ. ಅವನ ಮನೆಯವರು ಹೊಳೆಯಲ್ಲಿ ಚಿಪ್ಪು ಹೆಕ್ಕುವವರು. ನಾನು ಎಲೆಯೊಂದನ್ನು ಜಾಗರೂಕತೆಯಿಂದ ಮುರಿದು ನಾಲಗೆಗೆ ತಾಗಿಸಿದೆ. ಉಪ್ಪಾಗಿತ್ತು.

ಹುಡುಗ ಹೇಳಿದ್ದು ಸರಿ ಎಂಬುದು ಪುಸ್ತಕಗಳನ್ನು ತಿರುವಿದ ಮೇಲೆ ಸ್ಪಷ್ಟವಾಯಿತು. ನಾಡಿನ ಸಸ್ಯಗಳನ್ನು ಪಟ್ಟಿಮಾಡಿದವರು ಈ ಗಿಡಕ್ಕೆ ಕನ್ನಡದಲ್ಲಿ ಕೊಟ್ಟಿರುವ ಹೆಸರು ಹೊಳೆಚುಳ್ಳಿ. ಮಲೆಯಾಳದಲ್ಲಿಯೂ ಇದು ಚುಳ್ಳಿಯೇ. ನಾನು ತಪ್ಪಾಗಿ ಹೇಳಿದ ಕೊಳವಳಿಕೆಯನ್ನು ಅಲ್ಲಿ ವಯಲ್‌ಚುಳ್ಳಿ, ಎಂದರೆ ಗದ್ದೆಯ ಚುಳ್ಳಿ ಎನ್ನುತ್ತಾರೆ. ಎರಡೂ ಒಂದೇ ಕುಟುಂಬದ ಗಿಡಗಳು. ಒಂದು ಸಿಹಿನೀರು ನಿಲ್ಲುವ ಗದ್ದೆಯಂಚನ್ನು ಹಿಡಿದಿದೆ. ಇನ್ನೊಂದು ಉಪ್ಪುನೀರು ಬರುವ ಹೊಳೆಯಂಚನ್ನು ಹಿಡಿದಿದೆ. ನಡುವೆ ಇರುವುದು ಒಂದು ಮಣ್ಣಿನ ದಂಡೆ. ಹೆಸರಿಟ್ಟ ಹಳಬರು ಎರಡು ಗಿಡಗಳ ನಂಟನ್ನೂ ಕಂಡಿದ್ದರು, ಅವುಗಳ ನೆಲೆಯ ಭೇದವನ್ನೂ ಕಂಡಿದ್ದರು. ನಿಘಂಟನ್ನು ಮಾತ್ರ ನೆಚ್ಚಿದ ನಾನು ಆ ಭೇದವನ್ನೇ ಮರೆತಿದ್ದೆ.

ಈ ಕುಟುಂಬ ನಿಮಗೆ ಅಪರಿಚಿತವಾದುದಲ್ಲ. ಹೆಂಗಸರು ಮುಡಿಯುವ ಕನಕಾಂಬರ, ಬೇಲಿಯ ಗೋರಂಟೆ, ಕೆಮ್ಮಿಗೆ ಕಷಾಯವಾಗುವ ಆಡುಸೋಗೆ, ಕಹಿಗೆ ಹೆಸರಾದ ನೆಲಬೇವು, ಇವೆಲ್ಲ ಹೊಳೆಚುಳ್ಳಿಯ ದಾಯಾದಿಗಳು. ಕನಕಾಂಬರದ ಒಣಗಿದ ಕಾಯಿಗೆ ನೀರು ಸೋಕಿದರೆ ಅದು ಚಟ್ಟನೆ ಸಿಡಿದು ಬೀಜ ಎಸೆಯುವುದನ್ನು ಮಕ್ಕಳು ಆಟವಾಗಿ ನೋಡಿರುತ್ತಾರೆ. ಹೊಳೆಚುಳ್ಳಿಯೂ ಕಾಯಿ ಬಲಿತಾಗ ಹಾಗೆಯೇ ಸಿಡಿಯುತ್ತದೆ. ಒಂದು ಕಾಯಿಯಲ್ಲಿ ಸಾಧಾರಣವಾಗಿ ನಾಲ್ಕು ಚಪ್ಪಟೆ ಬೀಜಗಳು. ಪ್ರತಿ ಬೀಜದ ಕೆಳಗೂ ಗಟ್ಟಿಯಾದ ಒಂದು ಕೊಕ್ಕೆ. ಕಾಯಿ ಎರಡು ಹೋಳಾಗುವ ಕ್ಷಣದಲ್ಲಿ ಈ ಕೊಕ್ಕೆಗಳು ಕವಣೆಯಂತೆ ಬೀಜವನ್ನು ದೂರಕ್ಕೆ ಚಿಮ್ಮಿಸುತ್ತವೆ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಕ್ಯಾಂಥಸ್ ಇಲಿಸಿಫೋಲಿಯಸ್. ಸ್ವೀಡನ್ನಿನ ಲಿನೇಯಸ್ ಪಂಡಿತನು ೧೭೫೩ರಲ್ಲಿ ಈ ಹೆಸರಿಟ್ಟನು. ಮೊದಲ ಪದ ಗ್ರೀಕ್ ಭಾಷೆಯ ಮುಳ್ಳು. ಎರಡನೆಯದಕ್ಕೆ ಯುರೋಪಿನ ಹಾಲಿ ಗಿಡದಂಥ ಎಲೆಯುಳ್ಳದ್ದು ಎಂದು ಅರ್ಥ. ಇದೇ ಪಂಗಡದ ಇನ್ನೊಂದು ಗಿಡದ ಎಲೆಯನ್ನು ಗ್ರೀಕ್ ಶಿಲ್ಪಿಗಳು ತಮ್ಮ ಕಂಬಗಳ ತಲೆಯ ಮೇಲೆ ಕೆತ್ತಿದರು. ಕೊರಿಂಥಿಯನ್ ಕಂಬ ಎನ್ನುವುದು ಅದನ್ನೇ. ಆದರೆ ಲಿನೇಯಸನಿಗಿಂತ ಬಹಳ ಮುಂಚೆಯೇ ನಮ್ಮ ಕರಾವಳಿಯ ಈ ಗಿಡ ಅಚ್ಚಿನಲ್ಲಿ ಕಾಣಿಸಿಕೊಂಡಿತ್ತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತನು 'ಹೊರ್ಟಸ್ ಮಲಬಾರಿಕಸ್' ಎಂಬ ಹನ್ನೆರಡು ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದನು. ಅದು ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳ ಗುಣವನ್ನು ಅವನಿಗೆ ತಿಳಿಸಿಕೊಟ್ಟವರು ನಮ್ಮವರೇ: ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯರು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರು. ಆ ಗ್ರಂಥದಲ್ಲಿ ಹೊಳೆಚುಳ್ಳಿ 'ಪೈನಚುಳ್ಳಿ' ಎಂಬ ಹೆಸರಿನಿಂದ ಚಿತ್ರಸಮೇತವಾಗಿದೆ. ನಾವು ಕಾಂಡ್ಲಾ ಎನ್ನುವ ಮರಕ್ಕೆ ಮಲೆಯಾಳದಲ್ಲಿರುವ ಕಂಡಲ್ ಎಂಬ ಹೆಸರೂ ಅದೇ ಗ್ರಂಥದ ಮೂಲಕ ಹೋಗಿ, 'ಕಂಡೇಲಿಯ' ಎಂಬ ಶಾಸ್ತ್ರೀಯ ನಾಮವಾಗಿ ನಿಂತಿದೆ.

ಇನ್ನು ಗಿಡದ ಸ್ವರೂಪವನ್ನು ನೋಡೋಣ. ಎತ್ತರ ಒಂದರಿಂದ ಒಂದೂವರೆ ಮೀಟರ್. ವರ್ಷದ ಬೆಳೆಯಲ್ಲ, ಬಹುವಾರ್ಷಿಕ. ಬುಡ ಕ್ರಮೇಣ ಗಟ್ಟಿಯಾಗುವುದರಿಂದ ಕೆಲವರು ಇದನ್ನು ಮೂಲಿಕೆಗಳ ಸಾಲಿನಲ್ಲಿಯೂ ಕೆಲವರು ಪೊದೆಗಳ ಸಾಲಿನಲ್ಲಿಯೂ ಸೇರಿಸುತ್ತಾರೆ. ಕೆಸರಿಗೆ ಬಾಗಿದ ಕಾಂಡದ ಗೆಣ್ಣುಗಳಲ್ಲಿ ಊರುಗೋಲಿನಂತೆ ಬೇರುಗಳು ಇಳಿಯುತ್ತವೆ. ಹಾಗೆ ಒಂದೇ ಗಿಡ ಹಬ್ಬಿ ಹಬ್ಬಿ ಮೆಳೆಯಾಗುತ್ತದೆ. ಎಲೆಗಳು ಎದುರು ಬದುರಾಗಿ ಜೋಡಿಸಿದಂತಿದ್ದು ದಪ್ಪವಾಗಿ ಹೊಳೆಯುತ್ತವೆ. ಅಂಚು ಹಲ್ಲುಹಲ್ಲಾಗಿ ಒಂದೊಂದು ಹಲ್ಲಿನ ತುದಿಯಲ್ಲಿಯೂ ಮುಳ್ಳು. ಒಂದು ಸೋಜಿಗವೆಂದರೆ, ಬಿಸಿಲಿನಲ್ಲಿರುವ ಗಿಡಕ್ಕೆ ಮುಳ್ಳು ಹೆಚ್ಚು. ನೆರಳಿನಲ್ಲಿ ಬೆಳೆದ ಎಲೆ ಎಷ್ಟೋ ವೇಳೆ ಮುಳ್ಳಿಲ್ಲದೆ ನುಣುಪಾಗಿರುತ್ತದೆ. ಒಂದೇ ಗಿಡವನ್ನು ಎರಡು ಗಿಡವೆಂದು ತಿಳಿದು ಮೋಸಹೋದವರು ಉಂಟು.

ಹೂವನ್ನು ಹತ್ತಿರದಿಂದ ನೋಡಿ. ಬಹುಪಾಲು ಹೂಗಳಿಗೆ ಮೇಲೂ ಕೆಳಗೂ ಎಸಳು ಇರುತ್ತವೆ. ಹೊಳೆಚುಳ್ಳಿಗೆ ಮೇಲ್ದುಟಿಯೇ ಇಲ್ಲ. ಕೆಳದುಟಿ ಒಂದೇ ಅಗಲವಾಗಿ, ಅಂಗಳದಲ್ಲಿ ಹಾಸಿದ ಚಾಪೆಯಂತೆ ಹರಡಿಕೊಂಡಿದೆ. ಅದರ ಮೇಲೆ ದಪ್ಪನೆಯ ನಾಲ್ಕು ಕೇಸರಗಳು ಒತ್ತಾಗಿ ನಿಂತು ಜೇನಿನ ದಾರಿಗೆ ಅಗುಳಿ ಹಾಕಿದಂತಿವೆ. ಸಣ್ಣಪುಟ್ಟ ನೊಣಗಳಿಗೆ ಈ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಮರ ಕೊರೆಯುವ ದೊಡ್ಡ ಕರಿಯ ದುಂಬಿ ಬಂದು ಭುಜ ಕೊಟ್ಟು ನೂಕಿದಾಗ ಕೇಸರಗಳು ಸರಿದು ಅದರ ಬೆನ್ನಿಗೆ ಪರಾಗ ಬಳಿಯುತ್ತವೆ. ಹೊಳೆಯ ಮೇಲೆ ಗಾಳಿ ಇಲ್ಲದ ಹೊತ್ತಿನಲ್ಲಿ ಈ ದುಂಬಿಗಳ ಝೇಂಕಾರ ದೂರದಿಂದಲೇ ಕೇಳಿಸುತ್ತದೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಉಪ್ಪುನೀರಿನಲ್ಲಿ ನಿಂತೂ ಈ ಗಿಡ ಬದುಕುವುದು ಹೇಗೆ? ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಹೊಳೆಚುಳ್ಳಿಯ ಕಷ್ಟ ಇದಕ್ಕೆ ತಿರುವುಮುರುವಾದುದು: ನೀರು ಕುಡಿಯಬೇಕಾದರೆ ಅದು ಉಪ್ಪನ್ನೂ ತಿನ್ನಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಉಪ್ಪಿದೆ. ಬತ್ತದ ಗದ್ದೆಯ ನೀರಿನಲ್ಲಿ ಲೀಟರಿಗೆ ಎರಡು ಗ್ರಾಂ ದಾಟಿದರೆ ಸಾಮಾನ್ಯ ತಳಿಗಳ ಇಳುವರಿ ಕುಂದತೊಡಗುತ್ತದೆ. ಹೊಳೆಯ ಬಾಯಿಯಲ್ಲಿ ಬೇಸಿಗೆಯ ನೀರು ಹೆಚ್ಚು ಕಡಿಮೆ ಕಡಲಿನಷ್ಟೇ ಉಪ್ಪಾಗಿರುತ್ತದೆ.

ಉಪ್ಪಿನಕಾಯಿ ಹಾಕುವ ಮನೆಯಲ್ಲಿ ಇದರ ಪಾಠ ಸಿಕ್ಕುತ್ತದೆ. ಮಾವಿನ ಮಿಡಿಯನ್ನು ಭರಣಿಯಲ್ಲಿ ತುಂಬಿ ಉಪ್ಪು ಹಾಕಿದರೆ ಎರಡು ದಿನಗಳಲ್ಲಿ ಮಿಡಿ ಚಿರುಟಿ, ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ಯಾರೂ ಹೊಯ್ದದ್ದಲ್ಲ. ಹೊರಗಿನ ಉಪ್ಪು ಮಿಡಿಯ ಒಳಗಿನಿಂದ ಸೆಳೆದದ್ದು. ನೀರು ಯಾವಾಗಲೂ ತಿಳಿಯಾದ ಕಡೆಯಿಂದ ಗಡುಸಾದ ಕಡೆಗೆ ಹರಿಯುತ್ತದೆ. ಉಪ್ಪುನೀರು ನುಗ್ಗಿದ ಗದ್ದೆಯಲ್ಲಿ ಸಸಿ ಒಣಗುವುದು ನೀರಿಲ್ಲದೆ ಅಲ್ಲ, ನೀರಿನ ನಡುವೆಯೇ. ಬೇರು ಹೀರುವ ಬದಲು ಮಣ್ಣು ಬೇರನ್ನೇ ಹೀರುತ್ತದೆ. ಹೊಳೆಚುಳ್ಳಿ ತನ್ನ ಜೀವರಸವನ್ನು ಹೊರಗಿನ ನೀರಿಗಿಂತ ಗಡುಸಾಗಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ನೀರು ಅದರ ಕಡೆಗೇ ಹರಿಯುತ್ತದೆ. ಜೊತೆಯಲ್ಲಿ ಒಳಹೊಕ್ಕ ಹೆಚ್ಚಿನ ಉಪ್ಪನ್ನು ಹೊರಹಾಕಲು ಅದರ ಎಲೆಯಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ಗ್ರಂಥಿಗಳಿವೆ. ಅವು ಉಪ್ಪನ್ನು ದ್ರವರೂಪದಲ್ಲಿ ಎಲೆಯ ಮೇಲಕ್ಕೆ ಹೊಮ್ಮಿಸುತ್ತವೆ. ಬಿಸಿಲಿಗೆ ನೀರು ಆರಿ ಉಪ್ಪಿನ ಹರಳು ಉಳಿಯುತ್ತದೆ; ಇಬ್ಬನಿ ಅಥವಾ ಮಳೆ ಬಂದು ಅದನ್ನು ತೊಳೆಯುತ್ತದೆ.

ಹೊಳೆಯ ಬದಿಯ ಎಲ್ಲ ಗಿಡಗಳೂ ಇದೇ ಉಪಾಯವನ್ನು ಹಿಡಿದಿಲ್ಲ. ಊರುಗೋಲು ಬೇರುಗಳ ಕಾಂಡ್ಲಾ ಮರ ಉಪ್ಪಿನ ಬಹುಭಾಗವನ್ನು ಬೇರಿನ ಬಾಗಿಲಲ್ಲೇ ತಡೆಯುತ್ತದೆ. ಬೇರೆ ಕೆಲವು ಗಿಡಗಳು ಉಪ್ಪನ್ನು ಹಳೆಯ ಎಲೆಗಳಲ್ಲಿ ಕೂಡಿಟ್ಟು ಕಡೆಗೆ ಆ ಎಲೆಗಳನ್ನೇ ಉದುರಿಸುತ್ತವೆ. ಒಂದು ತಡೆಯುತ್ತದೆ, ಒಂದು ಕೂಡಿಟ್ಟು ಕಳಚುತ್ತದೆ, ಒಂದು ಬೆವರಿನಂತೆ ಹೊರಡಿಸುತ್ತದೆ. ಹೊಳೆಚುಳ್ಳಿ ಈ ಮೂರನೆಯ ಜಾತಿಯದು. ಅಂದು ಹುಡುಗನ ನಾಲಗೆಗೆ ಗೊತ್ತಿದ್ದದ್ದು ಇದೇ.

ನೀವೂ ಇದನ್ನು ಪರೀಕ್ಷಿಸಿ ನೋಡಬಹುದು. ಮಳೆ ಇಲ್ಲದ ತಿಂಗಳಲ್ಲಿ, ನೀರಿಳಿದ ಹೊತ್ತಿನಲ್ಲಿ, ಗಿಡದ ಮೇಲೆಯೇ ಇರುವ ಒಂದು ಎಲೆಯನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆದು ಗುರುತಿಗೆ ಒಂದು ದಾರ ಕಟ್ಟಿ. ಹೊಳೆಯ ನೀರು ಸಿಡಿಯದ ಎತ್ತರದ ಎಲೆಯಾಗಿರಲಿ. ಒಂದೆರಡು ದಿನ ಬಿಟ್ಟು ಮಧ್ಯಾಹ್ನದ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ತೊಳೆದ ಎಲೆಯ ಮೇಲೆ ಮತ್ತೆ ಹರಳು ಮೂಡಿದ್ದರೆ ಅದು ಗಾಳಿ ಹೊತ್ತು ತಂದ ಉಪ್ಪೋ ಗಿಡ ಹೊರಹಾಕಿದ ಉಪ್ಪೋ ಎಂಬ ಸಂಶಯ ಬರಬಹುದು. ಪಕ್ಕದಲ್ಲಿ ಅಷ್ಟೇ ಎತ್ತರದಲ್ಲಿ ತೊಳೆದ ಗಾಜಿನ ತುಂಡೊಂದನ್ನು ಕಟ್ಟಿ ಹೋಲಿಸಿದರೆ ಆ ಸಂಶಯವೂ ಕಳೆಯುತ್ತದೆ. ನಮ್ಮ ಮಕ್ಕಳು ಹೀಗೆ ಮಾಡಿ ನೋಡಿದರು. ಎಲೆಯ ಮೇಲೆ ಹರಳಿತ್ತು. ಗಾಜಿನ ಮೇಲೆ ಬರಿಯ ಮಸುಕು.

ಈ ಉಪ್ಪಿನ ಲೆಕ್ಕಾಚಾರದಿಂದ ನಮಗೇನು ಎಂದು ನೀವು ಕೇಳಬಹುದು. ನಮಗೆ ಬಹಳ ಇದೆ. ನಮ್ಮ ಹೊಳೆಗಳು ಗಿಡ್ಡ ಹೊಳೆಗಳು. ಘಟ್ಟದಲ್ಲಿ ಹುಟ್ಟಿ ಕೆಲವೇ ಹರಿದಾರಿ ಹರಿದು ಕಡಲು ಸೇರುತ್ತವೆ. ಸೌಪರ್ಣಿಕಾ ನದಿಯು ಮರವಂತೆಯಲ್ಲಿ ಕಡಲಿನ ಮಗ್ಗುಲಿಗೇ ಬಂದು, ನಡುವೆ ಒಂದು ಹೆದ್ದಾರಿಯಷ್ಟು ನೆಲವನ್ನು ಬಿಟ್ಟು, ಮತ್ತೆ ತಿರುಗಿ ಹೋಗಿ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳೊಡನೆ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುವುದನ್ನು ಎಲ್ಲರೂ ಬಲ್ಲರು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯ ನೀರು ಕಡಲನ್ನು ಹಿಂದಕ್ಕೆ ನೂಕುತ್ತದೆ. ಆಗ ಅಳಿವೆಯ ನೀರೂ ಸಪ್ಪೆ. ಮಳೆ ನಿಂತು ಹೊಳೆ ಸೊರಗಿದಂತೆ ಕಡಲು ಒಳಕ್ಕೆ ಏರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ, ಅದರಲ್ಲಿಯೂ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ, ಉಪ್ಪು ಎಷ್ಟು ದೂರ ಬಂತು ಎಂಬುದೇ ಹೊಳೆಬದಿಯ ಮನೆಗಳ ಚಿಂತೆ. ಬಾವಿಯ ನೀರು ಕಾಪಿಗೆ ಆಗದಂತಾದರೆ, ತೆಂಗಿನ ಗರಿ ಕೆಂಪಾದರೆ, ಸುಗ್ಗಿ ಬೆಳೆಯ ಗದ್ದೆಯಲ್ಲಿ ಬಿಳಿಯ ಹೊಪ್ಪಳೆ ಕಂಡರೆ ಗಡಿ ದಾಟಿತೆಂದೇ ಅರ್ಥ.

ಈ ಗಡಿಯನ್ನು ತೋರಿಸುವ ಕಲ್ಲು ಯಾವ ನಕ್ಷೆಯಲ್ಲಿಯೂ ಇಲ್ಲ. ಹೊಳೆಚುಳ್ಳಿ ನಿಂತಿರುವ ಸಾಲು ಮಾತ್ರ ಅದನ್ನು ತೋರಿಸುತ್ತದೆ. ಒಂದು ದಿನದ ಉಬ್ಬರವನ್ನು ನೋಡಿ ಅದು ಬೆಳೆದದ್ದಲ್ಲ. ವರುಷ ವರುಷವೂ ಉಪ್ಪು ಮತ್ತು ಸಿಹಿ ಸರದಿಯಲ್ಲಿ ಬಂದು ಹೋಗುವ ಜಾಗವನ್ನು ಹಿಡಿದು ಬೇರೂರಿದೆ. ದಂಡೆಯ ಹೊರಮೈಯಲ್ಲಿ ಅದಿರುವುದು ಸಹಜ. ದಂಡೆಯ ಒಳಬದಿಯಲ್ಲಿ, ನೇಜಿ ನೆಡುವ ಗದ್ದೆಯ ಮೂಲೆಯಲ್ಲಿ, ಕೊಳವಳಿಕೆ ಇರಬೇಕಾದಲ್ಲಿ ಹೊಳೆಚುಳ್ಳಿ ತಲೆಯೆತ್ತಿದರೆ ಮಾತ್ರ ಎಚ್ಚರಗೊಳ್ಳಬೇಕು. ಉಪ್ಪುನೀರು ಎಲ್ಲಿಯೋ ಏಡಿಯ ಬಿಲದಿಂದಲೋ ಹಲಗೆ ಸಡಿಲವಾದ ಕಿಂಡಿಯಿಂದಲೋ ಒಳಗೆ ಬರುತ್ತಿದೆ ಎಂದು ಅದು ಹೇಳುತ್ತಿದೆ. ಗಿಡವನ್ನು ಕಿತ್ತರೆ ಸುದ್ದಿ ಹೇಳಿದವನನ್ನು ಓಡಿಸಿದಂತಾಯಿತು. ಸುದ್ದಿ ಹಾಗೆಯೇ ಉಳಿಯುತ್ತದೆ.

ಹೊರಬದಿಯ ಗಿಡಕ್ಕೆ ಬೇರೊಂದು ಕೆಲಸವಿದೆ. ಒತ್ತಾದ ಕಾಂಡಗಳ ನಡುವೆ ನೀರಿನ ವೇಗ ತಗ್ಗುತ್ತದೆ. ವೇಗ ತಗ್ಗಿದ ನೀರು ಹೊತ್ತ ಮಣ್ಣನ್ನು ಅಲ್ಲಿಯೇ ಇಳಿಸುತ್ತದೆ. ಇಳಿದ ಮಣ್ಣನ್ನು ಬೇರು ಹಿಡಿದುಕೊಳ್ಳುತ್ತದೆ. ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಂದೆಡೆ ದಂಡೆಯನ್ನು ಚೊಕ್ಕಟ ಮಾಡಬೇಕೆಂದು ಹೊಳೆಯ ಕಡೆಯ ಮುಳ್ಳನ್ನೆಲ್ಲ ಬುಡ ಸಹಿತ ತೆಗೆಸಿದರು. ನೋಡಲು ಅಚ್ಚುಕಟ್ಟಾಯಿತು, ನಡೆಯುವವರಿಗೂ ಅನುಕೂಲವಾಯಿತು. ಮುಂದಿನ ಮಳೆಗಾಲದಲ್ಲಿ ನೆರೆ ಬಂದಾಗ ಅದೇ ಭಾಗದ ಬುಡ ಕೊರೆದು ಹತ್ತಾರು ಮಾರು ದಂಡೆ ಕುಸಿಯಿತು. ಅದರ ಮುಂದಿನ ಬೇಸಿಗೆಯಲ್ಲಿ ಒಳಗಿನ ಎರಡು ಬಾವಿಗಳ ನೀರು ಉಪ್ಪಾಯಿತು. ಇದಕ್ಕೆ ಗಿಡ ತೆಗೆದದ್ದೊಂದೇ ಕಾರಣವೆಂದು ನಾನು ಸಾಧಿಸಲಾರೆ. ದಂಡೆ ಹಳೆಯದು, ಆ ವರ್ಷದ ನೆರೆಯೂ ದೊಡ್ಡದು. ಆದರೆ ಮುಳ್ಳು ಉಳಿದಿದ್ದ ಕಡೆ ಮಣ್ಣು ಉಳಿದಿತ್ತು ಎಂಬುದನ್ನು ಕಣ್ಣಾರೆ ಕಂಡೆ.

ಗಿಡದ ಪಕ್ಷ ವಹಿಸಿ ಅತಿಶಯೋಕ್ತಿ ಮಾಡುವುದೂ ಸರಿಯಲ್ಲ. ಹೊಳೆಚುಳ್ಳಿ ಕೆಲವೆಡೆ ಮಿತಿಮೀರಿ ಹಬ್ಬುತ್ತದೆ. ಎತ್ತರದ ಕಾಂಡ್ಲಾ ಮರಗಳನ್ನು ಸೌದೆಗೋ ಸಿಗಡಿ ಕೆರೆಗಳಿಗೋ ಕಡಿದು ಬಯಲು ಮಾಡಿದಲ್ಲಿ ಮೊದಲು ಬಂದು ನೆಲೆಸುವುದು ಇದೇ. ಒಮ್ಮೆ ಒತ್ತಾಗಿ ಹಬ್ಬಿದರೆ ಮರಗಳ ಸಸಿಗಳು ಮೇಲೇಳಲು ಅದು ಅಡ್ಡಿ ಮಾಡುವುದೂ ಉಂಟು. ಆದ್ದರಿಂದ ಅಗಲವಾದ ಮೆಳೆಯನ್ನು ಕಂಡರೆ ಅಲ್ಲಿ ಹಿಂದೆ ಏನಿತ್ತೆಂದು ಊರ ಹಿರಿಯರನ್ನು ಕೇಳಬೇಕು. ಗಾಯದ ಮೇಲೆ ಕಟ್ಟಿದ ಹಕ್ಕಳೆ ಅದು. ಹಕ್ಕಳೆ ಸುಂದರವಲ್ಲ, ಆದರೆ ಅದನ್ನು ಕಿತ್ತರೆ ಗಾಯ ಮಾಯುವುದಿಲ್ಲ. ಬದಿಯಲ್ಲಿ ಕಾಂಡ್ಲಾ ನೆಟ್ಟು ನೆರಳು ಬರುವಂತೆ ಮಾಡಿದರೆ ಬಿಸಿಲನ್ನು ಬಯಸುವ ಚುಳ್ಳಿ ತಾನಾಗಿ ಅಂಚಿಗೆ ಸರಿಯುತ್ತದೆ. ಕುಂದಾಪುರದ ಪಂಚಗಂಗಾವಳಿಯ ಕುದ್ರುಗಳ ಅಂಚಿನಲ್ಲಿ ಅರಣ್ಯ ಇಲಾಖೆ ನೆಟ್ಟ ಕಾಂಡ್ಲಾ ಗಿಡಗಳು ಇಂದು ಮರಗಳಾಗಿ ನಿಂತಿರುವುದನ್ನು ಹೋಗಿ ನೋಡಬಹುದು.

ಈ ಗಿಡವನ್ನು ಔಷಧಕ್ಕೂ ಬಳಸುತ್ತಿದ್ದರು. ಗೋವೆಯ ಕಡೆಯಲ್ಲಿ ಲೋಳೆಯುಳ್ಳ ಇದರ ಎಲೆಯನ್ನು ಕೀಲುನೋವಿಗೆ ಶಾಖ ಕೊಡಲು ಉಪಯೋಗಿಸುತ್ತಿದ್ದರೆಂದು ಹಳೆಯ ಔಷಧ ಗ್ರಂಥಗಳು ಹೇಳುತ್ತವೆ. ಹಾವು ಕಚ್ಚಿದ ಕಡೆಗೆ ಎಳೆಯ ಚಿಗುರನ್ನು ಅರೆದು ಹಚ್ಚುತ್ತಿದ್ದುದೂ ಉಂಟು. ಆದರೆ ಇದನ್ನು ಓದಿ ಯಾರೂ ಪ್ರಯೋಗಕ್ಕೆ ಹೊರಡಬಾರದು. ಹಾವು ಕಚ್ಚಿದವನಿಗೆ ಬೇಕಾದದ್ದು ಆಸ್ಪತ್ರೆಯ ಪ್ರತಿವಿಷ. ಚಿಗುರು ಅರೆಯುತ್ತ ಕಳೆದ ಹೊತ್ತು ಪ್ರಾಣಕ್ಕೆ ಎರವಾಗುತ್ತದೆ. ಗಿಡದಲ್ಲಿರುವ ರಾಸಾಯನಿಕ ವಸ್ತುಗಳನ್ನು ವಿಜ್ಞಾನಿಗಳು ಬೇರ್ಪಡಿಸಿ ಪರೀಕ್ಷಿಸುತ್ತಿದ್ದಾರೆ. ಅದು ಅವರ ಕೆಲಸ.

ನೆಲದ ಲೆಕ್ಕವನ್ನೂ ಒಮ್ಮೆ ನೋಡೋಣ. ೨೦೨೧ರ ಅರಣ್ಯ ಸಮೀಕ್ಷೆಯ ವರದಿಯಂತೆ ಭಾರತದಲ್ಲಿ ಕಾಂಡ್ಲಾ ಕಾಡು ಒಟ್ಟು ೪,೯೯೨ ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು ೧೩ ಮಾತ್ರ. ಸುಮಾರು ಮುನ್ನೂರು ಕಿಲೋಮೀಟರ್ ಉದ್ದದ ಕರಾವಳಿಗೆ ಇದು ಹರಿದ ಪಂಚೆಯ ಅಂಚಿನಷ್ಟು. ಇಷ್ಟು ಕಡಿಮೆಯಾದುದರಿಂದಲೇ ಒಂದೊಂದು ಹೊಳೆಯ ಒಂದೊಂದು ಮೆಳೆಗೂ ಬೆಲೆ. ಏಡಿಗೆ, ಸಿಗಡಿಗೆ, ಮೀನಿನ ಮರಿಗೆ ಅಡಗಲು ಜಾಗ ಬೇಕು. ಆ ಜಾಗ ಸಿಕ್ಕುವುದು ಇಂಥ ಮೆಳೆಯ ಬುಡದಲ್ಲಿ. ಹೊಳೆಯನ್ನು ನೆಚ್ಚಿದ ಮನೆಗಳ ಸಂಜೆಯ ಸಾರು ಈ ಪಾಳು ನೆಲದಿಂದಲೇ ಬರುತ್ತದೆ.

ಕಾಯಿದೆಯೂ ಇದನ್ನು ಪಾಳು ಎಂದು ಎಣಿಸಿಲ್ಲ. ಕರಾವಳಿಯ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಟದ್ದು ೧೯೯೧ರಲ್ಲಿ. ಅದನ್ನು ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಹೊಸದಾಗಿ ಬರೆದರು. ಕಾಂಡ್ಲಾ ಕಾಡನ್ನೂ ಉಪ್ಪಿನ ಜೌಗನ್ನೂ ಅದು ಅತ್ಯಂತ ಸೂಕ್ಷ್ಮವಾದ ಮೊದಲ ವರ್ಗದಲ್ಲಿ ಇರಿಸಿದೆ. ನಮ್ಮ ನೆರೆಯ ಉತ್ತರ ಕನ್ನಡದ ಅಘನಾಶಿನಿ ಅಳಿವೆ ೨೦೨೪ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ, ಎಂದರೆ ಲೋಕದ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ಆ ಅಳಿವೆಯ ಗಜನಿ ಗದ್ದೆಗಳಲ್ಲಿ ರೈತರು ಉಪ್ಪನ್ನು ತಾಳಿಕೊಳ್ಳುವ ಕಗ್ಗ ಬತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಮಳೆಗಾಲದಲ್ಲಿ ಬತ್ತ, ಬೇಸಿಗೆಯಲ್ಲಿ ಅದೇ ನೆಲದಲ್ಲಿ ಮೀನು, ಸಿಗಡಿ. ಉಪ್ಪನ್ನು ಪೂರ್ತಿಯಾಗಿ ಹೊರಗಿಡುವುದೊಂದೇ ದಾರಿಯಲ್ಲ, ಅದರೊಡನೆ ಸರದಿಯ ಮೇಲೆ ಬಾಳುವುದೂ ಒಂದು ದಾರಿ ಎಂಬುದಕ್ಕೆ ಇದು ನಿದರ್ಶನ.

ಕಿಂಡಿ ಅಣೆಕಟ್ಟುಗಳನ್ನು ಕಟ್ಟಬಾರದೆಂದು ನಾನು ಹೇಳುತ್ತಿಲ್ಲ. ಉಪ್ಪಾದ ಬಾವಿಯ ಮನೆಯಿಂದ ಕೊಡ ಹಿಡಿದು ಮೂರು ಗದ್ದೆಯಾಚೆ ನೀರಿಗೆ ಹೋಗುವ ಹೆಂಗಸರನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ಎಲ್ಲಿ ಕಟ್ಟಬೇಕು ಎಂಬುದನ್ನು ತೀರ್ಮಾನಿಸುವ ಮೊದಲು ಹೊಳೆಯುದ್ದಕ್ಕೂ ಒಮ್ಮೆ ನಡೆದು, ಚುಳ್ಳಿಯ ಸಾಲು ಎಲ್ಲಿಗೆ ಮುಗಿಯುತ್ತದೆ ಎಂದು ನೋಡಿದರೆ ಒಳ್ಳೆಯದು. ಅದರ ಮೇಲ್ಗಡೆ ಕಟ್ಟಿದರೆ ಸಿಹಿನೀರು ಸಿಹಿಯಾಗಿ ಉಳಿಯುತ್ತದೆ, ಜೌಗೂ ಉಳಿಯುತ್ತದೆ. ಅಳಿವೆಯ ಬಾಯಿಗೇ ಅಡ್ಡಗಟ್ಟಿದರೆ ಉಬ್ಬರ ಬಾರದೆ ಜೌಗು ಸಾಯುತ್ತದೆ. ಅದರೊಡನೆ ಮೀನಿನ ಮರಿಯೂ ಹೋಗುತ್ತದೆ.

ಇನ್ನೊಂದು ಮಾತನ್ನು ಮರೆಯುವಂತಿಲ್ಲ. ೧೯೦೧ರಿಂದ ೨೦೧೮ರೊಳಗೆ ಲೋಕದ ಕಡಲಿನ ಮಟ್ಟ ಸರಾಸರಿ ೨೦ ಸೆಂಟಿಮೀಟರ್ ಏರಿದೆ, ಇನ್ನೂ ಏರುತ್ತಿದೆ. ಒಂದು ಗೇಣಿನಷ್ಟು ಏರಿಕೆ ಗುಡ್ಡದ ಮೇಲಿನವರಿಗೆ ಏನೂ ಅಲ್ಲ; ಹೊಳೆಯ ಬಯಲಿನಲ್ಲಿ ಗದ್ದೆ ಇರುವವರಿಗೆ ಅದು ದೊಡ್ಡದು. ಕಡಲು ಏರಿದಂತೆ ಉಪ್ಪಿನ ಗಡಿ ಒಳಕ್ಕೆ ಸರಿಯಬೇಕು. ಗಡಿಯ ಗಿಡವೂ ಅದರೊಡನೆ ಸರಿಯಬೇಕು. ಆದರೆ ಹಿಂದೆ ಕಲ್ಲಿನ ಗೋಡೆ, ಮುಂದೆ ಏರುವ ನೀರು, ಹೀಗಾದರೆ ಹೊಳೆಚುಳ್ಳಿಗೆ ಸರಿಯಲು ತಾವೆಲ್ಲಿ? ದಂಡೆಯ ಹೊರಗೆ ಹತ್ತು ಮಾರು ಕೆಸರನ್ನು ಹಾಗೆಯೇ ಬಿಡುವುದು ಉದಾರತೆಯಲ್ಲ; ನಮ್ಮದೇ ಬಾವಿಯ ಕಾವಲು.

ಅಂದು ನನ್ನನ್ನು ತಿದ್ದಿದ ಹುಡುಗನಿಗೆ ಮರುವಾರ ತರಗತಿಯಲ್ಲಿ ಎಲ್ಲರ ಮುಂದೆ ಗಿಡದ ಹೆಸರು ಹೇಳಿದೆ. ನಾನು ಹೇಳಿದ್ದು ತಪ್ಪೆಂಬುದನ್ನೂ ಹೇಳಿದೆ. ಮಕ್ಕಳು ಹಲಗೆಯ ಮೇಲಿದ್ದ ಎರಡು ಹೆಸರುಗಳನ್ನು 'ಗದ್ದೆಯದು ಕೊಳವಳಿಕೆ, ಹೊಳೆಯದು ಹೊಳೆಚುಳ್ಳಿ' ಎಂದು ಪುಸ್ತಕದಲ್ಲಿ ಬರೆದುಕೊಂಡರು. ಈಗ ದಂಡೆಯ ಕೆಲಸಕ್ಕೆ ಜನ ಕತ್ತಿ ಹಿಡಿದು ಬಂದರೆ, "ಅದ್ ಮುಳ್ಳಲ್ದೇ, ಹೊಳೆಚುಳ್ಳಿ" ಎಂದು ಹೇಳುವ ಮಕ್ಕಳು ಊರಿನಲ್ಲಿ ನಾಲ್ಕಾರು ಮಂದಿ ಇದ್ದಾರೆ. ಹೆಸರು ಕೇಳಿದ ಮೇಲೆ ಕತ್ತಿ ಹಿಡಿದವರು ಒಂದು ಗಳಿಗೆ ನಿಂತು ಅದೇನೆಂದು ವಿಚಾರಿಸುತ್ತಾರೆ. ನಿಮ್ಮ ಊರ ಹೊಳೆಯ ದಂಡೆಯಲ್ಲಿಯೂ ಈ ಬೇಸಿಗೆ ತಿಳಿನೇರಳೆಯ ಹೂ ಕಂಡರೆ ಮಕ್ಕಳನ್ನು ಕರೆದುಕೊಂಡು ಹೋಗಿ ಎಲೆಯ ರುಚಿ ನೋಡಿಸಿ, ಹೆಸರು ಹೇಳಿಕೊಡಿ. ಮುಳ್ಳು ಚುಚ್ಚದಂತೆ ಮಾತ್ರ ಜೋಕೆ.